ನಿಮ್ಮ ಡಿಸ್ಕಿಗೆ ಯಜಮಾನ ಯಾರು?

ಕನ್ನಡದ ತರುಣರೇ,

ಸಾಲ ಮಾಡಿ, ಕಂತು ಕಟ್ಟಿ ಲ್ಯಾಪ್‌ಟಾಪ್ ಕೊಂಡಿರಿ. ಕಾಸು ನಿಮ್ಮದು, ಬೆವರು ನಿಮ್ಮದು. ಆದರೆ ಅದು ಎಷ್ಟು ವರ್ಷ ಬಾಳಬೇಕೆಂದು ತೀರ್ಮಾನಿಸುವವರು ಯಾರು? ಅಮೆರಿಕದ ರೆಡ್ಮಂಡ್‌ನಲ್ಲಿ ಕೂತ ಮೈಕ್ರೋಸಾಫ್ಟ್! 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಲ್ಲಿಸಿದರು. ವಿಂಡೋಸ್ 11 ಬೇಕೇ? ಟಿಪಿಎಂ 2.0 ಇರಬೇಕು, ಅವರ ಪಟ್ಟಿಯಲ್ಲಿರುವ ಪ್ರೊಸೆಸರ್ ಇರಬೇಕು. ಚೆನ್ನಾಗಿ ಓಡುತ್ತಿದ್ದ ಯಂತ್ರ ರಾತ್ರೋರಾತ್ರಿ ಮುದಿಯಾಯಿತು. ಅದನ್ನು ಎಸ್.ಪಿ. ರಸ್ತೆಯಲ್ಲಿ ಮೂರು ಕಾಸಿಗೆ ಮಾರಿ ಮತ್ತೆ ಸಾಲ ಮಾಡುತ್ತೀರಾ?

ಬೇಡ! ಹಾಗೆಂದು ವಿಂಡೋಸನ್ನು ಇವತ್ತೇ ಒದ್ದು ಓಡಿಸಿ ಎಂದೂ ನಾವು ಹೇಳುವುದಿಲ್ಲ. ಟ್ಯಾಲಿ ಬೇಕು, ಆಟ ಬೇಕು, ಗೊತ್ತು. ಅದಕ್ಕೇ ಡಿಸ್ಕನ್ನು ಪಾಲು ಮಾಡಿ. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ನಡುಗೋಡೆ ಎಬ್ಬಿಸಿಕೊಂಡು ಬಾಳುವುದಿಲ್ಲವೇ? ಉಬುಂಟು, ಮಿಂಟ್, ಡೆಬಿಯನ್ ಯಾವುದಾದರೂ ಆಗಲಿ, ಲಿನಕ್ಸ್‌ಗೆ 60 ಜಿಬಿ ಬಿಟ್ಟುಕೊಡಿ. ಯಂತ್ರ ಆನ್ ಮಾಡಿದರೆ ಗ್ರಬ್ ಎಂಬ ಬಾಗಿಲ ಕಾವಲುಗಾರ ಯಾವ ಕಡೆ ಹೋಗಬೇಕೆಂದು ಕೇಳುತ್ತಾನೆ. ಬ್ಯಾಂಕು, ಇಂಟರ್ನೆಟ್ಟು ಲಿನಕ್ಸ್ ಕಡೆ ಇರಲಿ. ಹಳೆ ವಿಂಡೋಸ್ ನೆಟ್ ಇಲ್ಲದೆ ಟ್ಯಾಲಿ ನೋಡಿಕೊಳ್ಳಲಿ.

ಕನ್ನಡ? ವಿಂಡೋಸಿನಲ್ಲೂ ಇದೆ, ನಾವೇಕೆ ಸುಳ್ಳು ಹೇಳಬೇಕು. ಆದರೆ ಅಲ್ಲಿ ತಪ್ಪು ಪದ ಕಂಡರೆ ನೀವು ಮುಟ್ಟುವಂತಿಲ್ಲ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ ಲಿನಕ್ಸಿನ ಒಳಗುಟ್ಟೆಲ್ಲ ಬಯಲು. ಅದರ ಮೇಲೆ ಓಡುವ ಗ್ನೋಮ್, ಕೆಡಿಇಗಳನ್ನು ಕನ್ನಡಿಸಲು ಯಾವ ಕಂಪನಿಯ ಬಾಗಿಲೂ ಕಾಯಬೇಕಿಲ್ಲ. ನೀವು ನುಡಿಯಲ್ಲಿ ಕಲಿತ, ಕೆ.ಪಿ. ರಾಯರು ರೂಪಿಸಿದ ಕೀಲಿಮಣೆ ವಿನ್ಯಾಸ ಅಲ್ಲಿ ಕಗಪ ಎಂಬ ಹೆಸರಲ್ಲಿ ಸಿಗುತ್ತದೆ. ಅನುವಾದ ಎಲ್ಲ ಕಡೆ ಪೂರ್ತಿಯಾಗಿಲ್ಲ, ನಿಜ. ಮಾಡಬೇಕಾದವರು ಯಾರು ಸ್ವಾಮಿ? ನೀವೇ ತಾನೆ!

ಆದರೆ ಆವೇಶದಲ್ಲಿ ಡಿಸ್ಕಿಗೆ ಕೈ ಹಾಕಬೇಡಿ. ನಮಗೆ ಗೊತ್ತಿರುವ ಹುಡುಗನೊಬ್ಬ ನಡುರಾತ್ರಿ ನಿದ್ದೆಗಣ್ಣಲ್ಲಿ ‘ವಿಂಡೋಸ್ ಜೊತೆಯಲ್ಲೇ ಹಾಕು’ ಎಂಬುದರ ಬದಲು ‘ಇಡೀ ಡಿಸ್ಕ್ ಅಳಿಸು’ ಎಂಬುದನ್ನು ಒತ್ತಿದ. ಅಕ್ಕನ ಮದುವೆಯ ಫೋಟೋಗಳೆಲ್ಲ ನೀರುಪಾಲು. ಮೊದಲು ಬೇರೆ ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡಿ. ಬಿಟ್‌ಲಾಕರ್ ಇದೆಯೇ ನೋಡಿ. ಎಷ್ಟೋ ಯಂತ್ರಗಳಲ್ಲಿ ನಿಮಗೆ ಹೇಳದೆಯೇ ಬೀಗ ಜಡಿದಿರುತ್ತದೆ. ಅದರ 48 ಅಂಕಿಯ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಫಾಸ್ಟ್ ಸ್ಟಾರ್ಟಪ್ ಆರಿಸಿ. ಅದು ಇದ್ದರೆ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರೆನಿದ್ದೆಯಲ್ಲಿ ಡಿಸ್ಕನ್ನು ಹಿಡಿದುಕೊಂಡೇ ಇರುತ್ತದೆ. ಆಗ ಲಿನಕ್ಸ್‌ನಿಂದ ಆ ಪಾಲಿಗೆ ಬರೆದರೆ ಕಡತ ಕೆಡಬಹುದು. ವಿಂಡೋಸಿನ ಪಾಲನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಕುಗ್ಗಿಸಿ, ಬಿಡುವಾದ ಜಾಗವನ್ನು ಹಾಗೇ ಖಾಲಿ ಬಿಡಿ. ಹಳೆಯ ಎಂಬಿಆರ್ ಡಿಸ್ಕಾದರೆ ನಾಲ್ಕೇ ಪ್ರೈಮರಿ ಪಾಲು. ‘ಡೈನಮಿಕ್ ಮಾಡಲೇ’ ಎಂದು ವಿಂಡೋಸ್ ಕೇಳಿದರೆ ಖಂಡಿತ ಒಪ್ಪಬೇಡಿ. ಹೊಸ ಯಂತ್ರದಲ್ಲಿ ಇಎಫ್‌ಐ ಪಾಲು ಇಬ್ಬರಿಗೂ ಸೇರಿದ ಹೆಬ್ಬಾಗಿಲು. ಅದನ್ನು ಫಾರ್ಮ್ಯಾಟ್ ಮಾಡಿದಿರೋ, ವಿಂಡೋಸ್ ಎದ್ದೇಳುವುದಿಲ್ಲ.

ಗೋಡೆ ಎಬ್ಬಿಸಿದರೂ ಪಕ್ಕದವನು ಸುಮ್ಮನಿರುತ್ತಾನೆಂದು ನಂಬಬೇಡಿ! 2024ರ ಆಗಸ್ಟ್‌ನಲ್ಲಿ ವಿಂಡೋಸಿನ ಒಂದು ಅಪ್‌ಡೇಟ್ ಬಂತು. ಎರಡೂ ಇರುವ ಯಂತ್ರಗಳಿಗೆ ಇದು ತಟ್ಟುವುದಿಲ್ಲ ಎಂದಿದ್ದರು. ತಟ್ಟಿತು! ಸೆಕ್ಯೂರ್ ಬೂಟ್ ಆನ್ ಇದ್ದ ಎಷ್ಟೋ ಕಡೆ ಲಿನಕ್ಸ್ ಏಳಲೇ ಇಲ್ಲ. ಪೂರ್ತಿ ಸರಿಪಡಿಸಿದ್ದು 2025ರ ಮೇ ತಿಂಗಳಲ್ಲಿ. ಒಂಬತ್ತು ತಿಂಗಳು! ನಮ್ಮ ಡಿಸ್ಕು, ನಮ್ಮ ಪಾಲು, ಬಾಗಿಲಿಗೆ ಅಗುಳಿ ಹಾಕಿದ್ದು ಅವರು. ಗೋಡೆಯಾಚೆ ಕೈ ಚಾಚಲು ಇವರಿಗೆ ಅಪ್ಪಣೆ ಕೊಟ್ಟವರು ಯಾರು? ಅದಕ್ಕೇ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಒಂದನ್ನು ಸದಾ ಮೇಜಿನ ಖಾನೆಯಲ್ಲಿಟ್ಟಿರಿ. ಇಂಥ ಹೊತ್ತಲ್ಲಿ ಒಳಹೋಗಲು ಅದೇ ಹಿತ್ತಿಲ ಬಾಗಿಲು.

ಈ ಭಾನುವಾರ ಅದೇ ಪೆನ್‌ಡ್ರೈವ್‌ನಿಂದ, ಡಿಸ್ಕ್ ಮುಟ್ಟದೆ, ಲಿನಕ್ಸನ್ನು ಒಮ್ಮೆ ಓಡಿಸಿ ನೋಡಿ. ವೈಫೈ ಸಿಗುತ್ತದೆಯೇ, ಸ್ಪೀಕರ್ ಕೇಳುತ್ತದೆಯೇ, ಕಗಪದಲ್ಲಿ ನಿಮ್ಮ ಹೆಸರು ಬರುತ್ತದೆಯೇ ಪರೀಕ್ಷಿಸಿ. ಸರಿ ಬಂದರೆ ಮುಂದಿನ ಭಾನುವಾರ ಗೋಡೆ ಕೆಲಸ.