ಬಿಸಿಲನ್ನರಿತ ಕಟ್ಟಡ

ಸುಂದರವಾದ ಕಟ್ಟಡವೆಂದೊಡನೆ ನಮ್ಮ ಮನಸ್ಸಿಗೆ ದೇವಾಲಯದ ಗೋಪುರವೋ ಅರಮನೆಯ ಕಮಾನೋ ಹೊಳೆಯುವುದು ಸಹಜ. ಲೆಕ್ಕಪತ್ರಗಳ ಕಚೇರಿಯಲ್ಲಿ, ಅದರಲ್ಲಿಯೂ ಗಿಲಾವು ಕಾಣದ ಬರಿಯ ಕಾಂಕ್ರೀಟಿನಲ್ಲಿ, ಸೌಂದರ್ಯವನ್ನು ಅರಸುವುದುಂಟೇ ಎಂದು ವಾಚಕರು ಕೇಳಬಹುದು. ಉಂಟೆಂಬುದಕ್ಕೆ ಅಹಮದಾಬಾದಿನ ಗಿರಣಿ ಮಾಲೀಕರ ಸಂಘದ ಕಟ್ಟಡವೇ ಸಾಕ್ಷಿ.

ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲಸಿದ ಲೆ ಕಾರ್ಬೂಸಿಯೇ ಎಂಬ ಶಿಲ್ಪಿಗಳು, ಚಂಡೀಗಢದ ನಿರ್ಮಾಣದಲ್ಲಿ ತೊಡಗಿದ್ದಾಗಲೇ ಇದನ್ನೂ ರೂಪಿಸಿದರು. 1954ರಲ್ಲಿ ಕೆಲಸ ಪೂರ್ಣವಾಯಿತು. ಕಟ್ಟಡದ ಪಶ್ಚಿಮಕ್ಕೆ ಬೀದಿ, ಪೂರ್ವಕ್ಕೆ ಸಾಬರಮತಿ ನದಿ. ಗುಜರಾತಿನ ಇಳಿಹೊತ್ತಿನ ಬಿಸಿಲು ಎಷ್ಟು ಉಗ್ರವೆಂಬುದನ್ನು ಬಲ್ಲವರೇ ಬಲ್ಲರು. ಆದುದರಿಂದ ಪಶ್ಚಿಮದ ಮುಖದಲ್ಲಿ ಆಳವಾದ ಕಾಂಕ್ರೀಟಿನ ಫಲಕಗಳನ್ನು ಓರೆಯಾಗಿ ನಿಲ್ಲಿಸಿದ್ದಾರೆ. ಬಿಸಿಲು ಅವುಗಳಿಗೆ ತಾಗಿ ಹೊರಗೇ ಉಳಿಯುತ್ತದೆ, ಬೀದಿಯ ಗಡಿಬಿಡಿಯೂ ಕಣ್ಣಿಗೆ ಮರೆಯಾಗುತ್ತದೆ. ಪೂರ್ವದಲ್ಲಿಯಾದರೋ ಫಲಕಗಳು ಓರೆಯಾಗದೆ ನೇರವಾಗಿ ನಿಂತು, ನದಿಯ ಗಾಳಿಗೂ ನೋಟಕ್ಕೂ ದಾರಿಬಿಡುತ್ತವೆ. ಉತ್ತರ ದಕ್ಷಿಣದ ಗೋಡೆಗಳು ಬಹುಮಟ್ಟಿಗೆ ಮುಚ್ಚಿವೆ. ಹೊತ್ತು ಸರಿದಂತೆ ಫಲಕಗಳ ನೆರಳೂ ಸರಿಯುತ್ತದೆ. ಕೆತ್ತನೆಯಿಲ್ಲದ ಈ ಮುಖಕ್ಕೆ ಆ ನೆರಳೇ ಕೆತ್ತನೆ. ಬೀದಿಯ ಕಡೆಯಿಂದ ಉದ್ದವಾದ ಇಳಿಜಾರು ದಾರಿಯೊಂದು ಮೊದಲ ಮಹಡಿಗೆ ಏರುತ್ತದೆ. ಬರುವವನು ಒಂದೊಂದೇ ಹೆಜ್ಜೆಗೆ ಬಿಸಿಲಿನಿಂದ ತಂಪಿಗೆ ಸಲ್ಲುತ್ತಾನೆ.

ಆ ಕಾಲದಲ್ಲಿ ನದಿಯ ಮರಳಿನ ಮೇಲೆ ಬಣ್ಣಗಾರರು ಬಟ್ಟೆಯನ್ನು ಒಗೆದು ಹರವುವುದು ಮೇಲಿನಿಂದ ಕಾಣುತ್ತಿತ್ತು. ಗಿರಣಿಯ ಒಡೆಯರು ತಮ್ಮ ಸಿರಿಗೆ ಮೂಲವಾದ ಅರಿವೆಯನ್ನೂ ದುಡಿಮೆಯನ್ನೂ ಕಣ್ಣೆದುರಿಗೇ ಕಾಣುವಂತಾದುದು ನಮಗೆ ಬಹು ಅರ್ಥವತ್ತಾಗಿ ತೋರುತ್ತದೆ. ಇಂದು ಆ ನೋಟವಿಲ್ಲ. ಗಿರಣಿಗಳಲ್ಲಿ ಹಲವು ಮುಚ್ಚಿಹೋದವು. ನದಿಯ ದಡಗಳಿಗೂ ಕಾಂಕ್ರೀಟಿನ ಕಟ್ಟೆ ಬಂದಿದೆ. ಕಟ್ಟಡ ಮಾತ್ರ ತನ್ನ ನೆರಳಿನ ಕೆಲಸವನ್ನು ಬಿಟ್ಟಿಲ್ಲ.

ಎಲ್ಲ ಕಟ್ಟಡಗಳಿಗೂ ಈ ಭಾಗ್ಯವಿಲ್ಲ. 1972ರಲ್ಲಿ ದೆಹಲಿಯಲ್ಲಿ ಕಟ್ಟಿದ ಹಾಲ್ ಆಫ್ ನೇಷನ್ಸ್ ಎಂಬ ಕಾಂಕ್ರೀಟಿನ ಪ್ರದರ್ಶನ ಮಂದಿರವನ್ನು 2017ರಲ್ಲಿ ಕೆಡವಿಬಿಟ್ಟರು. ಪುರಾತನ ಸ್ಮಾರಕಗಳ ಕಾನೂನು ನೂರು ವರ್ಷದ ವಯಸ್ಸನ್ನು ಕೇಳುತ್ತದೆ. ತಾತನ ಕಾಲದ ವಸ್ತುವನ್ನು ಪೂಜಿಸಿ, ತಂದೆಯ ಕಾಲದ್ದನ್ನು ಹಳತೆಂದು ಎಸೆಯುವುದು ನಮ್ಮ ಮನೆಗಳಲ್ಲಿಯೂ ಉಂಟಷ್ಟೆ. ಆದರೆ ತಂದೆಯ ಕಾಲದ್ದು ಉಳಿಯದೆ ಮೊಮ್ಮಕ್ಕಳಿಗೆ ತಾತನ ಕಾಲದ್ದು ಎಲ್ಲಿಂದ ದೊರೆಯಬೇಕು?

ಬಣ್ಣಗೆಟ್ಟ ಹಳೆಯ ಕಚೇರಿಯೊಂದನ್ನು ಕುರೂಪವೆಂದು ತೀರ್ಮಾನಿಸುವ ಮೊದಲು, ವಾಚಕರು ಬೇಸಗೆಯ ಇಳಿಹೊತ್ತಿನಲ್ಲಿ ಒಮ್ಮೆ ಅದರೊಳಗೆ ನಿಂತು ನೋಡಬೇಕೆಂದು ನಮ್ಮ ಬಿನ್ನಹ. ಹೊಸ ಮನೆ ಕಟ್ಟಿಸುವವರೂ ಕಿಟಕಿಯ ಅಂದವನ್ನು ಯೋಚಿಸುವುದಕ್ಕೆ ಮುನ್ನ ಬಿಸಿಲಿನ ದಿಕ್ಕನ್ನು ವಿಚಾರಿಸಲಿ. ಅಂದವು ತಾನಾಗಿ ಹಿಂದೆಯೇ ಬರುವುದು.