ಐವತ್ತು ದಾಟಿದವರು ಎಲ್ಲಿ?

ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ನಮ್ಮ ಸಭೆಗಳಿಗೆ ಬರುವವರನ್ನು ನೋಡಿದರೆ ಒಂದು ಸಂಗತಿ ಮನಸ್ಸಿಗೆ ನಾಟುತ್ತದೆ. ಇಪ್ಪತ್ತೈದರ ಪ್ರಾಯದಲ್ಲಿ ಬಾವುಟ ಹಿಡಿದು ಮುಂದೆ ನಡೆದವನು ಐವತ್ತು ದಾಟುತ್ತಲೇ ಕಾಣೆಯಾಗುತ್ತಾನೆ. ಅವನನ್ನು ಹುಡುಕಬೇಕಾದರೆ ಹುಚ್ಚರಾಯಸ್ವಾಮಿಯ ಗುಡಿಗೋ, ಚಂದ್ರಗುತ್ತಿಯ ಜಾತ್ರೆಗೋ, ಊರ ಭಜನೆಗೋ ಹೋಗಬೇಕು.

ಇದನ್ನು ಕಂಡು ನಗುವ ತರುಣರು ನಮ್ಮಲ್ಲಿದ್ದಾರೆ. ಆ ನಗೆ ಸಲ್ಲದು. ಮುಪ್ಪಿನಲ್ಲಿ ದೇವರ ನೆನಪಾಗುವುದು ಅಪರಾಧವಲ್ಲ. ಆದರೆ ದೇವರು ಹತ್ತಿರವಾದಂತೆ ನೆರೆಯವನು ದೂರವಾಗಬೇಕಾಗಿಲ್ಲ. 1942ರಲ್ಲಿ ಈಸೂರಿನ ಜನ ತಮ್ಮ ಊರು ಸ್ವತಂತ್ರವೆಂದು ಸಾರಿ ಬಾವುಟ ಏರಿಸಿದ್ದು ವೀರಭದ್ರ ದೇವಸ್ಥಾನದ ಮೇಲೆ. 1943ರಲ್ಲಿ ಆ ಹೋರಾಟದ ಐವರು ಗಲ್ಲಿಗೇರಿದರು. ಗುಡಿ ಬೇರೆ, ಊರ ಕೆಲಸ ಬೇರೆ ಎಂದು ಅವರು ಎಣಿಸಲಿಲ್ಲ.

ಹಾಗಾದರೆ ಇಂದಿನ ಹಿರಿಯ ನಮ್ಮಿಂದ ದೂರವಾದುದೇಕೆ? ಹೆಚ್ಚಿನ ತಪ್ಪು ನಮ್ಮದೇ. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ತನಕ ಅವನು ಸಂಘದ ಸದಸ್ಯ. ಬೆನ್ನು ಬಾಗಿ ಕೆಲಸ ಬಿಟ್ಟರೆ ಚಂದಾ ನಿಲ್ಲುತ್ತದೆ. ಚಂದಾ ನಿಂತರೆ ಹೆಸರೂ ಹೋಗುತ್ತದೆ. ಗಲ್ಲಾಪೆಟ್ಟಿಗೆಯನ್ನು ಮಗನಿಗೆ ಒಪ್ಪಿಸಿದ ಸಣ್ಣ ವರ್ತಕನನ್ನು ಯಾವ ಸಭೆಗೂ ಯಾರೂ ಕರೆಯುವುದಿಲ್ಲ. ಗುಡಿಯಲ್ಲಾದರೋ ಅವನಿಗೆ ಜಗಲಿಯಿದೆ; ‘ಬನ್ನಿ ಯಜಮಾನ್ರೇ’ ಎಂದು ಕರೆಯುವವರಿದ್ದಾರೆ; ತೇರಿನ ಏರ್ಪಾಟಿನಲ್ಲಿ ಅವನ ಮಾತಿಗೆ ಬೆಲೆಯಿದೆ. ಮರ್ಯಾದೆ ಸಿಕ್ಕ ಕಡೆ ಮನುಷ್ಯ ಕೂರುತ್ತಾನೆ.

ಹೊಟ್ಟೆಯ ಪ್ರಶ್ನೆಯೂ ಇದೆ. ಭವಿಷ್ಯನಿಧಿಯ ಪಿಂಚಣಿಗೆ 2014ರಲ್ಲಿ ಕೇಂದ್ರ ಸರ್ಕಾರ ಗೊತ್ತುಮಾಡಿದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಭವಿಷ್ಯನಿಧಿಯೇ ಇಲ್ಲದ ಹಮಾಲಿಗೆ ಅದೂ ಇಲ್ಲ. ಈ ಅನ್ಯಾಯವನ್ನು ಉಣ್ಣುವವನೇ ಸಭೆಯಲ್ಲಿಲ್ಲದಿದ್ದರೆ ಕೇಳುವವರಾರು?

ಆದ್ದರಿಂದ ಕೆಲಸ ಬಿಟ್ಟವರನ್ನು ಚಂದಾ ಇಲ್ಲದೆ ಸದಸ್ಯರಾಗಿ ಉಳಿಸಿಕೊಳ್ಳಬೇಕು. ಕಾರ್ಯಕಾರಿ ಸಮಿತಿಯಲ್ಲಿ ಅವರಿಗೆ ಸ್ಥಾನ ಕೊಡಬೇಕು. ಭಜನೆಯ ಹೊತ್ತಿಗೆ ಸಭೆ ಇಡುವುದನ್ನು ಬಿಡಬೇಕು.

ಹಿರಿಯರಲ್ಲಿಯೂ ನಮ್ಮದೊಂದು ಅರಿಕೆ. ಬಳ್ಳಿಗಾವಿಯ ಅಲ್ಲಮಪ್ರಭು ಶೂನ್ಯಪೀಠದಲ್ಲಿ ಕುಳಿತ ಕಾಲದ ಶರಣರು ಕಾಯಕವನ್ನೇ ಪೂಜೆಯೆಂದವರು. ದೇವಸ್ಥಾನದ ಸಮಿತಿಯಲ್ಲಿ ಕುಳಿತಾಗಲೂ ನೀವು ದುಡಿದು ಉಂಡವರೆಂಬುದನ್ನು ಮರೆಯಬೇಡಿ. ಜಾತ್ರೆಯ ಲೆಕ್ಕವನ್ನು ಊರೆದುರು ಓದಿಸಿ. ಪಂಕ್ತಿಯಲ್ಲಿ ಎಲ್ಲ ಜಾತಿಯವರನ್ನೂ ಒಟ್ಟಿಗೆ ಕೂರಿಸಿ. ಇದನ್ನು ಮಾಡಿಸುವ ಶಕ್ತಿ ನಮ್ಮ ತರುಣರಿಗಿಲ್ಲ, ನಿಮಗಿದೆ.

ಮುಂದಿನ ಸಭೆಗೆ ಪ್ರತಿಯೊಬ್ಬ ತರುಣನೂ ಒಬ್ಬ ಹಿರಿಯರನ್ನು ಕರೆತರಲಿ.