ನಿಮ್ಮಪ್ಪನ ಅಂಗಾಲು ನೋಡಿದ್ದೀರಾ?

ಕೊಟ್ಟೂರು ತೇರು ಹತ್ತಿರ ಬಂತು ಅಂದ್ರೆ ನಮ್ಮ ಕಡೆಯ ರಸ್ತೆಗಳ ಚಿತ್ರವೇ ಬದಲಾಗುತ್ತದೆ. ದಾವಣಗೆರೆ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಯಾವ ದಿಕ್ಕಿಗೆ ನೋಡಿದರೂ ಹೆಗಲಿಗೊಂದು ಚೀಲ ಹಾಕಿಕೊಂಡು ನಡೆಯುವ ಜನ. ಗುರುಬಸವೇಶ್ವರನಿಗೆ ಹರಕೆ ಹೊತ್ತ ಎಷ್ಟೋ ಮಂದಿಯ ಕಾಲಲ್ಲಿ ಚಪ್ಪಲಿ ಇರೋದಿಲ್ಲ. ನಮ್ಮಪ್ಪನೂ ಅವರಲ್ಲೊಬ್ಬ. ಕೂಡ್ಲಿಗಿ ತಾಲ್ಲೂಕಿನ ನಮ್ಮೂರಿಂದ ಪ್ರತಿ ವರ್ಷ ಬರಿಗಾಲಲ್ಲೇ ಹೋಗುತ್ತಿದ್ದ.

ಎರಡು ವರ್ಷದ ಹಿಂದೆ ತೇರು ಮುಗಿದ ಹತ್ತು ದಿನಕ್ಕೆ ನಾನು ಬೆಂಗಳೂರಿನಿಂದ ಊರಿಗೆ ಹೋದೆ. ಪಡಸಾಲೆಯ ಹಾಸುಗಲ್ಲಿನ ಮೇಲೆ ಅಲ್ಲಲ್ಲಿ ಕಂದು ಕಲೆ. ಅವ್ವ ಏನೋ ಚೆಲ್ಲಿದೆ ಅಂದುಕೊಂಡು ದಿನಾ ಒರೆಸುತ್ತಿದ್ದಳಂತೆ. ಅಪ್ಪನ ಕಾಲು ಎತ್ತಿ ನೋಡಿದರೆ ಹೆಬ್ಬೆರಳ ಬುಡದಲ್ಲಿ ರೂಪಾಯಿ ಅಗಲದ ಹುಣ್ಣು, ಒಳಗೆ ಮುರಿದ ಜಾಲಿ ಮುಳ್ಳು.

"ನೋಯಾದೇ ಇಲ್ಲ, ಅದೇನ್ ನೋಡ್ತಿ ಬಿಡವ್ವ" ಅಂದ ಅಪ್ಪ.

ಅಪ್ಪನಿಗೆ ಶುಗರ್ ಬಂದು ಹನ್ನೆರಡು ವರ್ಷ. ಪ್ರತಿ ಭಾನುವಾರ ಫೋನ್ ಮಾಡಿ "ಶುಗರ್ ಎಷ್ಟೈತಪ್ಪ?" ಅಂತ ಕೇಳ್ತಿದ್ದೆ. "ಕಾಲು ಹೆಂಗೈತಿ?" ಅಂತ ಒಂದು ಸಲವೂ ಕೇಳಿರಲಿಲ್ಲ.

ಮರುದಿನ ದಾವಣಗೆರೆಗೆ ಕರೆದುಕೊಂಡು ಹೋದೆ. ಡಾಕ್ಟರು ಅಪ್ಪನಿಗೆ ಕಣ್ಣು ಮುಚ್ಚಲು ಹೇಳಿ, ಒಂದು ಸಣ್ಣ ನೈಲಾನ್ ಎಳೆಯನ್ನು ಅಂಗಾಲಿನ ಒಂದೊಂದೇ ಜಾಗಕ್ಕೆ ಒತ್ತಿದರು. ಆ ಎಳೆ ಬಾಗುವಾಗ ಬೀಳುವ ಒತ್ತಡ ಕೇವಲ 10 ಗ್ರಾಂ. ಮುಟ್ಟಿದ ತಕ್ಷಣ "ಹ್ಞೂಂ" ಅನ್ನಬೇಕು. ಎರಡೂ ಪಾದ ಮುಗೀತಾ ಬಂದಾಗ ಅಪ್ಪ ಕೇಳಿದ: "ಇನ್ನೂ ಶುರು ಮಾಡ್ಲಿಲ್ವಾ ಡಾಕ್ಟ್ರೇ?"

ನನಗೆ ಅಲ್ಲೇ ಕಣ್ಣು ತುಂಬಿ ಬಂತು.

ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದರೆ ಪಾದದ ನರಗಳು ಸತ್ತಂತಾಗುತ್ತವೆ. ಕಾದ ಟಾರು ರಸ್ತೆ ಸುಡುವುದಿಲ್ಲ, ಮುಳ್ಳು ಚುಚ್ಚುವುದಿಲ್ಲ. ನೋವಿಲ್ಲ ಅಂತ ಅದೇ ಗಾಯದ ಮೇಲೆ ನಡೆದು ನಡೆದು ಹುಣ್ಣು ಆಳವಾಗುತ್ತದೆ. ಇದನ್ನು ಮೊದಲು ಕಲಿಸಿಕೊಟ್ಟವರಲ್ಲಿ ವೆಲ್ಲೂರಿನಲ್ಲಿ ಕುಷ್ಠರೋಗಿಗಳಿಗೆ ಚಿಕಿತ್ಸೆ ಕೊಟ್ಟ ಡಾ. ಪಾಲ್ ಬ್ರಾಂಡ್ ಒಬ್ಬರು. ಬೆರಳು ತಿನ್ನುವುದು ರೋಗವಲ್ಲ, ನೋವು ಗೊತ್ತಾಗದಿರುವುದು ಎಂದು ತೋರಿಸಿಕೊಟ್ಟು, ಅಂಗಾಲಿನ ಹುಣ್ಣಿಗೆ ಪ್ಲಾಸ್ಟರ್ ಹಾಕಿದರು. ಭಾರ ಹಂಚಿಹೋದರೆ ಹುಣ್ಣು ತಾನೇ ಮಾಯುತ್ತದೆ.

ಅಪ್ಪನಿಗೂ ಅದೇ ಆಯಿತು. ಸೋಂಕು, ರಕ್ತದ ಓಡಾಟ ಎಲ್ಲ ಪರೀಕ್ಷಿಸಿ ಮೊಣಕಾಲ ಕೆಳಗಿನವರೆಗೆ ಪ್ಲಾಸ್ಟರ್ ಹಾಕಿದರು. "ಮುಳ್ಳು ಚುಚ್ಚಿದ್ದು ಅಂಗಾಲಿಗೆ, ಸುಣ್ಣ ಹೊಡೆದಿದ್ದು ಮೊಣಕಾಲ್ ತನಕ" ಅಂತ ಅಪ್ಪನ ಗೊಣಗಾಟ. ಬಿಚ್ಚಿಡುವಂಥದ್ದು ಕೊಟ್ಟಿದ್ದರೆ ಮನೆಗೆ ಬಂದ ದಿನವೇ ಬಿಚ್ಚಿ ಮೂಲೆಗೆ ಇಡುತ್ತಿದ್ದ! ಇಂಥ ಹುಣ್ಣಿಗೆ ಬಿಚ್ಚಲಾಗದ ಸಾಧನವೇ ಮೊದಲ ಆಯ್ಕೆ ಎಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಹೇಳುತ್ತದೆ.

ಹುಣ್ಣು ಮಾಯಲು ಹನ್ನೊಂದು ವಾರ ಬೇಕಾಯಿತು. ನಾನು ನಿಟ್ಟುಸಿರು ಬಿಡುವ ಹೊತ್ತಿಗೆ ಡಾಕ್ಟರು ಇನ್ನೊಂದು ಮಾತು ಹೇಳಿದರು: ಮಾಯ್ದ ನೂರು ಮಂದಿಯಲ್ಲಿ ಸುಮಾರು 40 ಜನಕ್ಕೆ ಒಂದೇ ವರ್ಷದಲ್ಲಿ ಮತ್ತೆ ಹುಣ್ಣಾಗುತ್ತದೆ.

ಹೀಗೆ ಮತ್ತೆ ಆಗದಂತೆ ತಡೆಯುವ ಕೆಲಸ ನಮ್ಮ ರಾಜ್ಯದಲ್ಲೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಕರ್ನಾಟಕ ಎಂಡೋಕ್ರೈನಾಲಜಿ ಸಂಶೋಧನಾ ಸಂಸ್ಥೆಯವರು ಸೇರಿ ಮಧುಮೇಹಿಗಳಿಗೆಂದೇ ಒಂದು ಪಾದರಕ್ಷೆ ರೂಪಿಸಿ 2022ರಲ್ಲಿ ಅದರ ಸಂಶೋಧನೆ ಪ್ರಕಟಿಸಿದರು. ಅದರ ಅಡಿಯಲ್ಲಿ ಸಣ್ಣ ಸಣ್ಣ ಕಮಾನುಗಳಿವೆ. ಒಂದು ಜಾಗಕ್ಕೆ ಮಿತಿ ಮೀರಿ ಭಾರ ಬಿದ್ದರೆ ಅಲ್ಲಿನ ಕಮಾನು ಪಟ್ಟನೆ ಒಳಕ್ಕೆ ಮಡಚಿಕೊಂಡು ಭಾರವನ್ನು ಪಕ್ಕಕ್ಕೆ ಹಂಚುತ್ತದೆ. ಕಾಲೆತ್ತಿದರೆ ಮತ್ತೆ ಮೊದಲಿನಂತೆ. ಬ್ಯಾಟರಿ ಬೇಡ, ಸೆನ್ಸರ್ ಬೇಡ. ಅವರವರ ಪಾದ, ತೂಕ, ನಡಿಗೆಗೆ ತಕ್ಕಂತೆ 3ಡಿ ಪ್ರಿಂಟ್ ಮಾಡಬಹುದು.

ಆದರೆ ಎಂಥ ಚಪ್ಪಲಿ ಬಂದರೂ ನೋಡುವ ಕಣ್ಣು ಮನೆಯಲ್ಲೇ ಇರಬೇಕು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಮಧುಮೇಹ ಇದೆ. ಅವರಲ್ಲಿ ನಿಮ್ಮ ಮನೆಯವರೂ ಇದ್ದರೆ ಇಷ್ಟು ಮಾಡಿ:

• ದಿನಾ ರಾತ್ರಿ ಅಂಗಾಲು, ಬೆರಳ ಸಂದು ನೋಡಿ. ಬಗ್ಗಲು ಆಗದವರು ನೆಲದ ಮೇಲೆ ಕನ್ನಡಿ ಇಟ್ಟುಕೊಳ್ಳಲಿ.

• ಮನೆಯೊಳಗೂ ಬರಿಗಾಲು ಬೇಡ. ಚಪ್ಪಲಿ, ಬೂಟು ಹಾಕುವ ಮುಂಚೆ ಕೊಡವಿ, ಒಳಗೆ ಕೈ ಆಡಿಸಿ ನೋಡಿ.

• ಆಣಿಯನ್ನು ಬ್ಲೇಡಿನಿಂದ ಕೊಯ್ಯುವುದು, ಮದ್ದು ಹಾಕಿ ಸುಡುವುದು ಬೇಡ. ಬಿಸಿನೀರಲ್ಲಿ ಕಾಲಿಡುವ ಮುನ್ನ ಮೊಣಕೈ ಅದ್ದಿ ನೋಡಿ.

• ಒಂದೇ ಪಾದ ಅಥವಾ ಪಾದದ ಗಂಟು ಇದ್ದಕ್ಕಿದ್ದಂತೆ ಊದಿ, ಕೆಂಪಾಗಿ, ಬೆಚ್ಚಗಾದರೆ ಉಳುಕು ಅಂತ ತಿಕ್ಕಿಸಬೇಡಿ. ಒಳಗೆ ಮೂಳೆ ಮುರಿಯುತ್ತಿರಬಹುದು. ಕಾಲೂರದೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಮೊದಮೊದಲು ಎಕ್ಸ್‌ರೇಯಲ್ಲಿ ಏನೂ ಕಾಣದೆಯೂ ಇರಬಹುದು.

• ವರ್ಷಕ್ಕೊಮ್ಮೆಯಾದರೂ ಆ ನೈಲಾನ್ ಎಳೆಯ ಪರೀಕ್ಷೆ ಮಾಡಿಸಿ.

ಇನ್ನು ಹರಕೆಯ ಮಾತು. ಚಪ್ಪಲಿ ಹಾಕ್ಕೊಂಡು ಸ್ವಾಮಿ ಹತ್ರ ಹೆಂಗ್ ನಡಕೊಂಡು ಹೋಗ್ಲಿ ಅಂತ ಅಪ್ಪ ಬಹಳ ದಿನ ಮುಖ ಊದಿಸಿಕೊಂಡಿದ್ದ. ಕೊನೆಗೆ ಅವ್ವನೇ ಕೇಳಿದಳು: "ಸ್ವಾಮಿಗೆ ನಿನ್ ಭಕ್ತಿ ಬೇಕೋ, ನಿನ್ ಹುಣ್ಣು ಬೇಕೋ?" ಅಪ್ಪ ಮಾತಾಡಲಿಲ್ಲ. ಕಳೆದ ತೇರಿಗೆ ಕಾಲಿಗೆ ಬೂಟು ಹಾಕಿಕೊಂಡು, ರಸ್ತೆ ಬದಿ ಸ್ಟೂಲ್ ಮೇಲೆ ಕೂತು ನಡೆದು ಬಂದವರಿಗೆಲ್ಲ ಮಜ್ಜಿಗೆ ಕೊಟ್ಟ. ಬರಿಗಾಲಲ್ಲಿ ಬಂದವರನ್ನು "ಶುಗರ್ ಐತೇನಪ್ಪ?" ಅಂತ ಕೇಳಿಯೇ ಲೋಟ ಕೊಡುತ್ತಿದ್ದನಂತೆ.

ಭಾನುವಾರದ ಫೋನ್ ಈಗಲೂ ಇದೆ, ವಿಡಿಯೋ ಕಾಲ್ ಆಗಿದೆ ಅಷ್ಟೆ. ಅಪ್ಪ ಫೋನ್ ಎತ್ತಿದ ಕೂಡಲೇ ಮುಖ ಕಾಣೋದಿಲ್ಲ. ಮೊದಲು ಎಡಗಾಲು, ಆಮೇಲೆ ಬಲಗಾಲು, ಕೊನೆಗೆ ಅಪ್ಪ.